ಗಡಿಗೆ ಸಾಹುಕಾರನೂ ಜೋಗುಳವೂ

ಹತ್ತಿರ ಬನ್ನಿ ಮಕ್ಕಳೇ. ಒಂದು ರಾಜ್ಯದಲ್ಲಿ ಹಾಡನ್ನು ಗಡಿಗೆಯಲ್ಲಿ ತುಂಬಿ ಮಾರುತ್ತಿದ್ದರು. ದ್ಯಾಮವ್ವ ಎಂಬಾಕೆ ಗಡಿಗೆಯೊಳಗೆ ಹಾಡುತ್ತಿದ್ದಳು. ಗಿರಿಯಪ್ಪ ಸಾಹುಕಾರ ಅದಕ್ಕೆ ಅರಗಿನ ಮುದ್ರೆ ಹಾಕಿ ಸಂತೆಗೆ ಒಯ್ಯುತ್ತಿದ್ದ. ಕೊಂಡವರು ಮನೆಗೆ ಹೋಗಿ ಮುಚ್ಚಳ ತೆಗೆದರೆ ಹಾಡು ಕೇಳುತ್ತಿತ್ತು. ಹಾಡಿದವಳಿಗೆ ಒಂದು ಬೊಗಸೆ ಜೋಳ, ಮಾರಿದವನಿಗೆ ಮೂರಂತಸ್ತಿನ ಮನೆ. ಲೋಕದ ರೂಢಿ ಬಿಡಿ.

ಹೀಗಿರಲು ಬುಟ್ಟಿ ಹೆಣೆಯುವವನೊಬ್ಬ ಅವಳ ಹಾಡನ್ನು ಬಿದಿರಿನ ಕೊಳವೆಯಲ್ಲಿ ತುಂಬಿದ. ಜನ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಕ್ಕೆ ಹೊರಟರು. ಗಿರಿಯಪ್ಪ ಅರಮನೆಗೆ ಓಡಿದ. "ದೊರಿ, ಗಡಿಗಿ ನಂದು, ಹಾಡೂ ನಂದು. ಬಿದಿರು ಬ್ಯಾಡ ಅನ್ರಿ." ರಾಜ ಬೇಡ ಅಂದ.

ಆಮೇಲೆ ಗಿಳಿಗಳು ಹಾಡು ಕಲಿತವು. ಗಿರಿಯಪ್ಪ ಮತ್ತೆ ಓಡಿದ. "ಗಿಳಿ ಬ್ಯಾಡ ಅನ್ರಿ." ರಾಜ ಬೇಡ ಅಂದ. ಗಿಳಿಗಳು ಕೇಳಬೇಕಲ್ಲ.

ಮೂರನೆಯ ಸಲ ಓಡಿದವನು, "ಎಲ್ಲಾ ಹೊರಬಿದ್ದದ್ದು ಆಕಿ ಬಾಯಿಂದ್ಲೇ. ಆಕಿ ನನ್ನ ಗಡಿಗಿಯೊಳಗ ಬಿಟ್ಟು ಬ್ಯಾರೆ ಎಲ್ಲೂ ಹಾಡಬಾರದು" ಎಂದ. ರಾಜ ಎಲೆಯಡಿಕೆ ಜಗಿಯುತ್ತಾ ಹೂಂ ಅಂದ.

ಅಂದಿನಿಂದ ದ್ಯಾಮವ್ವ ತನ್ನ ಕೂಸಿಗೂ ಜೋಗುಳ ಹಾಡುವಂತಿಲ್ಲ. ಕೂಸು ಮೂರು ದಿನ ಮಲಗಲಿಲ್ಲ, ಕೇರಿಯೂ ಮಲಗಲಿಲ್ಲ. ಹೆತ್ತ ಕರುಳು ತಡೆದೀತೇ? ಅಳುವ ಕೂಸನ್ನು ಎತ್ತಿಕೊಂಡು ನೆಟ್ಟಗೆ ಅರಮನೆಗೆ ಬಂದಳು.

"ಹಾಡು ಸಾವ್ಕಾರ್ರದು ಅಂತ ಒಪ್ಪೀನ್ರಿ ದೊರಿ. ಹಂಗಾದ್ರ ಕೂಸನ್ನೂ ಅವರೇ ಮಲಗಿಸಲಿ. ಮಲಗಿದ್ರ ನಾ ಇನ್ನ ಬಾಯಿ ತೆಗ್ಯಾಂಗಿಲ್ಲ."

ಗಿರಿಯಪ್ಪ ನಗುತ್ತಾ ಜೋಗುಳದ ಗಡಿಗೆ ತೆರೆದ. ಹಾಡು ಮುಗಿಯಿತು, ಅಳು ಮುಗಿಯಲಿಲ್ಲ. ಇನ್ನೊಂದನ್ನು ತೆರೆದ. ಕೂಸು ಒದ್ದ ಏಟಿಗೆ ಅದು ಚೂರುಚೂರಾಯಿತು.

"ನಿಂದಲ್ಲೇನೋ ಹಾಡು? ನೀನ ಹಾಡು" ಎಂದ ರಾಜ, ಕಿವಿ ಮುಚ್ಚಿಕೊಂಡು.

ಗಿರಿಯಪ್ಪ ಬಾಯಿ ತೆರೆದ. ಒಂದು ಸಾಲೂ ಬರಲಿಲ್ಲ. ಇಪ್ಪತ್ತು ವರ್ಷ ಹಾಡು ಮಾರಿದವನು ಒಂದು ದಿನವೂ ಕೂತು ಕೇಳಿರಲಿಲ್ಲ. ಪಾಪ ಅನಿಸುತ್ತದೆ ನನಗೆ. ಕೊನೆಗೆ ತನಗೆ ಬರುವುದನ್ನೇ ಕೂಗಿದ: "ಗಡಿಗಿ ಬೇಕೇನ್ರೀ, ಗಡಿಗೀ..." ಕೂಸು ಹೆದರಿ ಕಿಟಾರನೆ ಕಿರುಚಿತು.

"ಸಾಕು ಮಾರಾಯ. ದ್ಯಾಮವ್ವ, ನೀ ಹಾಡವಾ."

ದ್ಯಾಮವ್ವ ಹಾಡಿದಳು. ಕೂಸು ಮಲಗಿತು. ಕಾವಲುಗಾರ ನಿಂತಲ್ಲೇ ತೂಕಡಿಸಿದ. ರಾಜನೂ ಸಿಂಹಾಸನದಲ್ಲೇ ಗೊರಕೆ ಹೊಡೆದ.

ಎದ್ದು ತೀರ್ಪು ಕೊಟ್ಟ: "ಗಡಿಗಿ ಗಿರಿಯಪ್ಪಂದು, ಹಾಡು ಹಾಡಿದಾಕಿದು. ಯಾರು ಯಾತರಾಗರ ತುಂಬಿ ಮಾರ್ಲಿ, ಬಂದ ಜೋಳದಾಗ ಅರ್ಧ ಆಕಿ ಮನಿಗೆ ಮುಟ್ಟಿಸಬೇಕು."

ಗಿರಿಯಪ್ಪ ಈಗ ಬಿದಿರಿನ ಕೊಳವೆಯನ್ನೇ ಮಾರುತ್ತಾನೆ. ಮಾರುವ ಮೊದಲು ತಾನೊಮ್ಮೆ ಕೂತು ಕೇಳುತ್ತಾನೆ.

ನೀತಿ ಇಷ್ಟೇ ಮಕ್ಕಳೇ: ಪಾತ್ರೆ ಕಾಲಕಾಲಕ್ಕೆ ಬದಲಾಗುತ್ತದೆ, ಅದಕ್ಕೇ ಜೋತುಬಿದ್ದವನು ಕೆಡುತ್ತಾನೆ. ಹಾಡನ್ನೂ ಹಾಡುವವರನ್ನೂ ಕಾಪಾಡಿದವನು ಬಾಳುತ್ತಾನೆ.