ಚಿಲಕವಿಲ್ಲದ ಕದ

ಬೇಸಿಗೆಯಲ್ಲಿ ಬಸವನಹುಳು ಚಿಪ್ಪಿನ ಬಾಯಿಗೆ ತನ್ನ ಲೋಳೆಯಿಂದಲೇ ಕದ ಮಾಡಿಕೊಂಡು ನುಗ್ಗೆಮರಕ್ಕೆ ಅಂಟಿ ಮಲಗಿತ್ತು. ಅದರ ಕನಸಿನಲ್ಲಿ ದಿನವೂ ಮಳೆ ಸುರಿಯುತ್ತಿತ್ತು.

ಹಸಿದ ಕೆಂಬೂತವೊಂದು ಬಂದು ಚಿಪ್ಪು ಕುಟ್ಟಿತು. ಅದು ಒಡೆಯಲಿಲ್ಲ. "ಹುಳುರಾಯರೇ, ಮಳೆ ಬಂದಿದೆ. ಕದ ತೆಗೆಯಿರಿ," ಎಂದಿತು.

"ನನಗೂ ಸದ್ದು ಕೇಳಿಸುತ್ತಿದೆ," ಎಂದಿತು ಹುಳು, ನಿದ್ದೆಗಣ್ಣಿನಲ್ಲೇ.

"ಮತ್ತೇಕೆ ತಡ?"

"ನಾಲ್ಕು ತಿಂಗಳಿಂದ ಕೇಳಿಸುತ್ತಲೇ ಇದೆ. ನನಗೆ ಬೇಕಾದ್ದನ್ನೇ ನೀವೂ ಹೇಳುತ್ತಿದ್ದೀರಿ, ಅದಕ್ಕೇ ಅನುಮಾನ. ಈ ಕದಕ್ಕೆ ಚಿಲಕವಿಲ್ಲ. ಮಳೆ ಬಂದರೆ ತಾನಾಗಿ ಕರಗುತ್ತದೆ."

ಕೆಂಬೂತ ಕಾದು ಕಾದು ಹಾರಿಹೋಯಿತು.

ಒಂದು ಮಧ್ಯಾಹ್ನ ಕದ ಕರಗಿತು. ಯಾರೂ ಕರೆದಿರಲಿಲ್ಲ. ಇದೂ ಕನಸೇ ಇರಬೇಕೆಂದುಕೊಂಡು ಹುಳು ಮೆಲ್ಲನೆ ಕೊಂಬು ಚಾಚಿತು. ಕೊಂಬಿನ ತುದಿಗೆ ಒಂದು ಹನಿ ತಣ್ಣಗೆ ಬಂದು ಕೂತಿತು.