ಬೆಂಕಿ ಕಂಡ ಬೋಕಿ

ಸಾರಿನ ಮಡಕೆಗೆಂದು ಕುಂಬಾರರ ಪುಟ್ಟಲಿಂಗಮ್ಮ ಕೆರೆಯಿಂದ ನುಣುಪಾದ ಜೇಡಿಮಣ್ಣು ತಂದಳು. ಒಡೆದ ಹಳೇ ಮಡಕೆಯ ಬೋಕಿಯೊಂದನ್ನು ಕುಟ್ಟಿ, ಮಡಕೆ ಬೆಂಕಿಗೆ ಬಿರಿಯದಿರಲೆಂದು ಅದಕ್ಕೆ ಬೆರೆಸಲು ಒರಳಿಗೆ ಹಾಕಿದಳು.

ಜೇಡಿಮಣ್ಣು ಸಿಡುಕಿತು: "ಅಮ್ಮಾ, ಒಡೆದುಹೋದದ್ದನ್ನು ನನ್ನ ಜತೆ ಸೇರಿಸಬೇಡ. ನನ್ನ ನುಣುಪು ಕೆಡುತ್ತದೆ."

ಬೋಕಿ ಹೇಳಿತು: "ನಾನು ಒಡೆದದ್ದು ಬಾವಿಕಟ್ಟೆಯಲ್ಲಿ ಜಾರಿಬಿದ್ದು. ಒಲೆಯ ಮೇಲೆ ಹನ್ನೆರಡು ವರ್ಷ ಗಟ್ಟಿಯಾಗಿ ಕೂತಿದ್ದೆ."

ಜೇಡಿಮಣ್ಣು ಒಪ್ಪಲಿಲ್ಲ. "ಸರಿ, ನಿನ್ನಿಷ್ಟ" ಎಂದು ಪುಟ್ಟಲಿಂಗಮ್ಮ ಬರೀ ಅದರಲ್ಲೇ ಮಡಕೆ ಮಾಡಿ ಸುಟ್ಟಳು. ಮಡಕೆ ಕನ್ನಡಿಯಂತೆ ಹೊಳೆಯಿತು. ಒಲೆಗೇರಿಸಿದಾಗ, ಹುರುಳಿ ಸಾರು ಕುದಿಯುವ ಮುಂಚೆಯೇ ಫಟ್ಟೆಂದು ಸೀಳಿಹೋಯಿತು.

ಮರುದಿನ ಅದರ ಚೂರೇ ಒರಳಿಗೆ ಬಿತ್ತು. ಕೆರೆಯಿಂದ ಬಂದ ಹೊಸ ಜೇಡಿಮಣ್ಣು ಮೂಗು ಮುರಿಯಿತು: "ಛೀ, ಈ ಒಡಕನ್ನು ನನಗೆ ಸೇರಿಸಬೇಡ!"

ಚೂರು ನಕ್ಕಿತು: "ಸೇರಿಸಿಕೊಳ್ಳೇ ತಂಗಿ. ನಾನೂ ಹೀಗೇ ಅಂದಿದ್ದೆ. ನಾನು ಒಡೆದದ್ದು ಒಲೆಯ ಮೇಲೇ."