ಅಚ್ಚಿನ ಬೆನ್ನಿನ ಗುರುತು

"ಗುರುಗಳೇ, ಈ ಸುತ್ತಮುತ್ತ ದನಗಳ ನೀರಿಗೆ ಇಂಥ ಕಲ್ಲುಬಾನಿ ಕೆತ್ತುವ ಇನ್ನೊಂದು ಕೈ ತೋರಿಸಿ ನೋಡೋಣ! ಇದರ ಮೇಲೆ ನನ್ನ ಹೆಸರು ಕೊರೆದರೆ ತಪ್ಪೇನು?" ಎಂದು ಶಿಷ್ಯ ಮಾಳಿಂಗ ಉಳಿ ಹಿಡಿದು ಕೇಳಿದ.

ಗುರು ಹೇಳಿದರು:

ಬಡಗಣ ಹಿಮದ ಕಾಡಿನಲ್ಲಿ ಕೋಮಿ ಎಂಬ ಜನ. ಅವರ ಮಾತಿನ ಒಂದು ಮೆತ್ತನೆಯ ದನಿಗೆ ಪಕ್ಕದ ದೊಡ್ಡ ನಾಡಿನ ಲಿಪಿಯಲ್ಲಿ ಅಕ್ಷರವಿರಲಿಲ್ಲ. ಒಬ್ಬ ವಿದ್ವಾಂಸ ಹಳೆಯ ಅಕ್ಷರಕ್ಕೆ ಕೊಕ್ಕೆ ಹಾಕಿ ಹೊಸದೊಂದನ್ನು ಬರೆದ. ಒಬ್ಬ ಬಡಗಿ ಅದನ್ನು ಮುದ್ರಿಸಲು ಮರದ ಅಚ್ಚು ಕೆತ್ತಿದ.

ಆ ಜನರಲ್ಲಿ ಮನೆಗೊಂದು ಗುರುತು. ಕೊಡಲಿ, ದೋಣಿ, ಬೇಟೆಯ ಬೋನು, ಬಾಗಿಲು, ಎಲ್ಲದರ ಮೇಲೂ ಅದೇ. ಬಡಗಿ ಅಚ್ಚಿನ ಬೆನ್ನಿಗೂ ಅದನ್ನೇ ಕೊರೆದ.

ಬಡಗಿಯ ತಮ್ಮ ನಕ್ಕ. ಅವನಿಗೆ ಓದು ಬರದು. "ಅಣ್ಣಾ, ಬೋನಿಗೆ ಹಾಕುವ ಗುರುತು ಅಕ್ಷರಕ್ಕೇಕೆ? ಯಾರಾದರೂ ಕದ್ದೊಯ್ಯುತ್ತಾರೆಯೇ?"

"ವಿದ್ವಾಂಸ ಗೀಚಿದ್ದು ಬರಿಯ ಗೆರೆ ಕಣೋ. ಅದಕ್ಕೆ ಮೈ ಕೊಟ್ಟವನು ನಾನು!" ಎಂದ ಬಡಗಿ. ಊರೂರಿನಲ್ಲಿ ಅದನ್ನೇ ಹೇಳಿಕೊಂಡು ಎದೆಯುಬ್ಬಿಸಿ ತಿರುಗಿದ.

ಆಳುವವರು ಬದಲಾದರು. ಆ ಅಕ್ಷರ ಬೇಡವೆಂದರು. ಅದನ್ನು ಮಾಡಿದವರು ದ್ರೋಹಿಗಳೆಂದರು. ಸೈನಿಕರು ಅಚ್ಚುಮನೆಗೆ ನುಗ್ಗಿ ಅಚ್ಚನ್ನು ತಿರುಗಿಸಿ ನೋಡಿದರು. ಬೆನ್ನಿನ ಮೇಲಿದ್ದ ಗುರುತನ್ನೇ ಹುಡುಕಿಕೊಂಡು ಮನೆ ಮನೆಯ ಬಾಗಿಲು ನೋಡುತ್ತ ಬಂದರು.

ತಮ್ಮ ಹೊಸ್ತಿಲಲ್ಲಿ ಕೂತು ಕೊಡಲಿ ಮಸೆಯುತ್ತಿದ್ದ.

"ಈ ಗುರುತು ಯಾರದು?"

"ನಮ್ಮದೇ," ಎಂದ ತಮ್ಮ.

ಬಡಗಿ ಬಾಗಿಲ ಹಿಂದೆಯೇ ಇದ್ದ. ಒಂದು ಹೆಜ್ಜೆ ಮುಂದಿಟ್ಟು 'ಕೆತ್ತಿದವನು ನಾನು' ಎಂದರೆ ಸಾಕಿತ್ತು. ಊರೂರಿನಲ್ಲಿ ಅದನ್ನೇ ಕೂಗಿ ಹೇಳಿದವನು ಬಾಗಿಲ ಮರೆಗೆ ಇನ್ನಷ್ಟು ಸರಿದ. ತಮ್ಮನ ಕೈ ಕಟ್ಟಿದರು. ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ ಅವರ ಜೊತೆ ನಡೆದ.

ಹಿಮ ಕರಗಿದಾಗ ತಮ್ಮನ ಹೆಣ ಸಿಕ್ಕಿತು. ಆ ಜನ ಗೋರಿಯ ಕಂಬದ ಮೇಲೂ ಮನೆಯ ಗುರುತನ್ನೇ ಕೊರೆಯುತ್ತಾರೆ. ಬಡಗಿ ಉಳಿ ಎತ್ತಿದ, ಇಳಿಸಿದ. ಕೊನೆಗೆ ಬೋಳು ಕಂಬವನ್ನೇ ನೆಟ್ಟು ಬಂದ.

ಗುರು ಕತೆ ನಿಲ್ಲಿಸಿದರು. ಮಾಳಿಂಗ ಬಾನಿಯನ್ನೇ ನೋಡುತ್ತ, "ಹಾಗಾದರೆ ಹೆಸರು ಹಾಕಬಾರದು ಎನ್ನುತ್ತೀರಾ?" ಎಂದ.

"ಹಾಕಪ್ಪ, ಅದನ್ನು ಹುಡುಕಿಕೊಂಡು ಬಂದವರ ಮುಂದೆ ನಿಲ್ಲುವವನು ಯಾರು, ಅದಷ್ಟನ್ನು ಮೊದಲು ಹೇಳು."

ಮಾಳಿಂಗ ಉಳಿಯನ್ನು ಬಾನಿಯ ಪಕ್ಕಕ್ಕೆ ಇಟ್ಟ.